ನದಿ ಐದನೆಯ ವಚನದಲ್ಲಿ ನಿಲ್ಲಲಿಲ್ಲ

ಯುವಜನರ ಕೂಟದಲ್ಲಿ ಕೊಟ್ಟ ಸಂದೇಶದ ಬರಹ ರೂಪ
ವಾಕ್ಯಭಾಗ: ಯೆಹೆಜ್ಕೇಲ 47:1–12

ಬೈಬಲ್ ತಂದವರು ಬೈಬಲ್ ತೆಗೀರಿ, ಮೊಬೈಲಿನಲ್ಲಿ ಓದೋರು ಮೊಬೈಲ್ ತೆಗೀರಿ. ಆದರೆ ವಾಟ್ಸಾಪ್ ಸ್ವಲ್ಪ ಬಂದ್ ಇರಲಿ.

ಯೆಹೆಜ್ಕೇಲ 47ನೇ ಅಧ್ಯಾಯ. ಈ ಭಾಗ ನಮಗೆಲ್ಲ ಹೆಚ್ಚು ಕಡಿಮೆ ಬಾಯಿಪಾಠ. ದೇವಾಲಯದ ಹೊಸ್ತಿಲ ಕೆಳಗಿಂದ ನೀರು ಹೊರಡ್ತದೆ. ದೇವದೂತನು ಪ್ರವಾದಿಯನ್ನ ಕರಕೊಂಡು ಹೋಗಿ ಸಾವಿರ ಮೊಳ ಅಳೀತಾನೆ, ನೀರು ಹರಡಿನ ತನಕ ಬರ್ತದೆ. ಇನ್ನೊಂದು ಸಾವಿರ, ಮೊಣಕಾಲಿನ ತನಕ. ಮತ್ತೊಂದು ಸಾವಿರ, ಸೊಂಟದ ತನಕ. ಕೊನೆಗೆ ಕಾಲು ನೆಲಕ್ಕೆ ಸಿಗದ, ಈಜಲೇಬೇಕಾದ ನದಿ. ಎಷ್ಟು ಉಜ್ಜೀವನ ಕೂಟಗಳಲ್ಲಿ ಈ ಸಂದೇಶ ಕೇಳಿದ್ದೀವಿ! "ದಡದಲ್ಲಿ ನಿಲ್ಲಬೇಡ, ಆಳಕ್ಕೆ ಬಾ" ಅಂತ. ಒಳ್ಳೆಯ ಸಂದೇಶ, ಆಮೆನ್.

ಆದರೆ ನಾವು ಸಾಮಾನ್ಯವಾಗಿ ಐದನೇ ವಚನಕ್ಕೆ ಬೈಬಲ್ ಮುಚ್ಚಿಬಿಡ್ತೀವಿ. ನದಿ ಅಲ್ಲಿ ನಿಲ್ಲಲಿಲ್ಲ, ನೋಡ್ರಿ. ಎಂಟನೇ ವಚನದಲ್ಲಿ ಅದು ಪೂರ್ವಕ್ಕೆ ಇಳಿದು, ಅರಾಬದ ತಗ್ಗಿಗೆ ಬಂದು, ಉಪ್ಪಿನ ಸಮುದ್ರಕ್ಕೆ ಸೇರ್ತದೆ. ಸತ್ತ ನೀರು ವಾಸಿಯಾಗ್ತದೆ. ಒಂಬತ್ತರಲ್ಲಿ ಜೀವಜಂತುಗಳು, ಮೀನುಗಳು. ಹತ್ತರಲ್ಲಿ ದಡದ ಉದ್ದಕ್ಕೂ ಮೀನುಗಾರರು ಬಲೆ ಹರವಿಕೊಂಡು ನಿಂತಿದ್ದಾರೆ. ಹನ್ನೊಂದರಲ್ಲಿ ಜೌಗು ನೆಲ, ಉಪ್ಪು. ಹನ್ನೆರಡರಲ್ಲಿ ಎರಡೂ ದಡದ ಮರಗಳು. ಅಂದ್ರೆ ಪ್ರವಾದಿ ಆ ನೀರಿನಲ್ಲಿ ಎಷ್ಟು ಆಳಕ್ಕೆ ಇಳಿದ ಅನ್ನೋದು ದರ್ಶನದ ಅರ್ಧ ಮಾತ್ರ. ನದಿ ಹೋಗಿ ಸೇರಿದ ಕಡೆ ಏನು ಬದುಕಿತು ಅನ್ನೋದು ಉಳಿದ ಅರ್ಧ.

ಇವತ್ತು ಆ ಉಳಿದ ಅರ್ಧದ ಬಗ್ಗೆ ಮಾತಾಡೋಣ. ಸಮುದ್ರದ ಅಂಚು, ಕೆಸರು, ಜೌಗು, ನೀರೊಳಗಿನ ಹುಲ್ಲು, ಇವುಗಳ ಬಗ್ಗೆ ಆತ್ಮಭರಿತನಾದ ವಿಶ್ವಾಸಿಗೆ ಏನಾದರೂ ಹೊಣೆ ಇದೆಯೇ? ನಿಮ್ಮಲ್ಲಿ ಕೆಲವರು ನೇರವಾಗಿ ಕೇಳಿದ್ದೀರಿ: "ಪಾಸ್ಟರ್, ಕರ್ತನು ಬೇಗ ಬರ್ತಾನೆ, ಈ ಭೂಮಿ ಬೆಂಕಿಗೆ ಇಟ್ಟಿದೆ ಅಂತ ನಾವೇ ಸಾರ್ತೀವಿ. ಹಾಗಿದ್ದ ಮೇಲೆ ಹೋಗಿಬಿಡೋ ಲೋಕದ ಹುಲ್ಲಿಗೆ ನಾವೇಕೆ ಕಾವಲು?" ಒಳ್ಳೆಯ ಪ್ರಶ್ನೆ. ಇದನ್ನ ನಕ್ಕು ಬಿಡೋ ಹಾಗಿಲ್ಲ.

ಮೊದಲು ನೆಲ ನೋಡೋಣ

ನಮ್ಮ ಘೋಡಗೇರಿ ಕಡೆ ನಿಂತು ಸಮುದ್ರ ಯಾವ ಕಡೆ ಅಂತ ಕೇಳಿದರೆ ಎಲ್ಲರೂ ಪಶ್ಚಿಮಕ್ಕೆ ಕೈ ತೋರಿಸ್ತಾರೆ. ಗೋವಾ ಹತ್ತಿರ, ಗೋಕರ್ಣ ಹತ್ತಿರ. ಆದರೆ ನಮ್ಮ ನೀರು ಆ ಕಡೆ ಹೋಗೋದಿಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ಹೊಲದ ನೀರು, ಚರಂಡಿ ನೀರು ಘಟಪ್ರಭೆಗೆ ಸೇರ್ತದೆ. ಘಟಪ್ರಭೆ ಗೋಕಾಕ ಫಾಲ್ಸಿನಲ್ಲಿ ಧುಮುಕಿ, ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಗೆ ಕೂಡ್ತದೆ. ಕೃಷ್ಣೆ ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ ದಾಟಿ ಬಂಗಾಳ ಕೊಲ್ಲಿ ಸೇರ್ತದೆ. ಆಂಧ್ರದ ಆ ಮುಖಜಭೂಮಿಯಲ್ಲಿ ಉಪ್ಪು ನೀರಿನ ಕಾಡು ಇದೆ, ಅದನ್ನ ಕೃಷ್ಣಾ ವನ್ಯಜೀವಿ ಧಾಮ ಅಂತ ಕಾಯ್ತಾರೆ. ಆ ಕಾಡಿನ ಸುತ್ತ ತೆಲುಗು ಮೀನುಗಾರರ ಊರುಗಳಿವೆ. ಅವರ ಮುಖ ನಾವು ನೋಡಿಲ್ಲ. ಆದರೆ ನಮ್ಮ ಬಚ್ಚಲ ನೀರು ಅವರ ಊರಿನ ಕಡೆಗೇ ಹೊರಟಿದೆ.

ಬೆಂಗಳೂರಿನಲ್ಲಿ ಇರೋರೇ, ನಿಮ್ಮದೂ ಕೇಳ್ರಿ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದು, 2017ರಲ್ಲಿ, ಮತ್ತೆ 2018ರಲ್ಲಿ ಆ ಕೆರೆಗೆ ಬೆಂಕಿ ಹತ್ತಿದ್ದು ನಿಮಗೆ ಗೊತ್ತು. ಆ ನೀರು ಅಲ್ಲೇ ಉಳಿಯೋದಿಲ್ಲ. ಬೆಳ್ಳಂದೂರಿನಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ, ಅಲ್ಲಿಂದ ತಮಿಳುನಾಡು, ಕೊನೆಗೆ ಕಡಲೂರಿನ ಹತ್ತಿರ ಸಮುದ್ರ. ನೀವು ಹತ್ತನೇ ಮಹಡಿಯಲ್ಲಿ ವಾಷಿಂಗ್ ಮಷೀನ್ ಹಾಕಿದ ನೀರು ಕೆಳಗಿನ ಯಾವುದೋ ಊರಿನ ಹೊಲ ದಾಟಿ ಹೋಗ್ತದೆ.

ಯೆಹೆಜ್ಕೇಲ 34ಕ್ಕೆ ಬರ್ರಿ, 18 ಮತ್ತು 19. ಅಲ್ಲಿ ದೇವರು ಕೊಬ್ಬಿದ ಕುರಿಗಳನ್ನ ವಿಚಾರಣೆಗೆ ನಿಲ್ಲಿಸ್ತಾನೆ. ಆರೋಪ ಏನು? ಕೊಲೆ ಅಲ್ಲ, ಕಳ್ಳತನ ಅಲ್ಲ. ತಿಳಿನೀರು ತಾವು ಕುಡಿದು, ಮಿಕ್ಕಿದ್ದನ್ನ ಕಾಲಿನಿಂದ ಕಲಕಿ ಕೆಡಿಸಿದ್ದು. ಹಿಂದೆ ಬರೋ ಕುರಿಗಳು ಆ ರಾಡಿನೀರೇ ಕುಡೀಬೇಕಾಯಿತು. ದೇವರು ಇದನ್ನ ಸಣ್ಣ ವಿಷಯ ಅಂತ ಬಿಡಲಿಲ್ಲ. ನನ್ನ ನೆರೆಯವನು ಯಾರು ಅಂತ ಧರ್ಮೋಪದೇಶಕನು ಯೇಸುವನ್ನ ಕೇಳಿದ್ದು ನೆನಪಿದೆಯಲ್ಲ. ಯೆರಿಕೋವಿನ ದಾರಿಯಲ್ಲಿ ಬಿದ್ದವನು ಸಮಾರ್ಯದವನ ಕಣ್ಣಿಗೆ ಬಿದ್ದ. ಕೆಳಗಿನ ಊರಿನ ನೆರೆಯವನು ನಮ್ಮ ಕಣ್ಣಿಗೂ ಬೀಳೋದಿಲ್ಲ. ಅದಕ್ಕೇ ಅವನನ್ನ ಪ್ರೀತಿಸೋದು ಕಷ್ಟ.

ಪಾಳು ಅನ್ನೋ ಮಾತು

ಈಗ ನಮ್ಮದೇ ಕರಾವಳಿಯ ಒಂದು ಜಾಗ ನೋಡೋಣ. ಲಾಂಗ್ ವೀಕೆಂಡ್ ಸಿಕ್ಕರೆ ನಿಮ್ಮಲ್ಲಿ ಬಹಳ ಮಂದಿ ಗೋಕರ್ಣಕ್ಕೆ ಹೋಗ್ತೀರಿ. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಹೋದರೆ ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿಯ ಅಳಿವೆ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಅಡ್ಡ ಒಂದು ದೊಡ್ಡ ಅಣೆಕಟ್ಟೂ ಇಲ್ಲದೆ ಸಮುದ್ರ ಸೇರೋ ನದಿ ಅದು. ಒಂದು ದಡದಲ್ಲಿ ತದಡಿ, ಇನ್ನೊಂದು ದಡದಲ್ಲಿ ಅಘನಾಶಿನಿ ಅನ್ನೋ ಊರು.

ಇಳಿತದ ಹೊತ್ತಿಗೆ ಅಲ್ಲಿ ನೀರು ಸರಿದು ಕೆಸರಿನ ಬಯಲು ಕಾಣ್ತದೆ. ನಮ್ಮ ಬಯಲುಸೀಮೆಯವರ ಕಣ್ಣಿಗೆ ಅದು ಬರೀ ರಾಡಿ. ಆದರೆ ಆ ರಾಡಿಗೆ ಇಳಿದು ಗಂಡಸರು, ಹೆಂಗಸರು ಬಳಚು ಆರಿಸ್ತಾರೆ. ಬಲೆಯಿಲ್ಲ, ದೋಣಿಯಿಲ್ಲ ಅನ್ನೋ ಬಡವರಿಗೂ ಕೈಯಿಂದಲೇ ಸಿಗೋ ಅನ್ನ ಅದು. ಸಾವಿರಾರು ಜನ ಆ ಅಳಿವೆಯಿಂದ ಬದುಕ್ತಾರೆ. ದಡದಲ್ಲಿ ಕಾಂಡ್ಲಾ ಗಿಡಗಳಿವೆ. ಅವುಗಳ ಬೇರಿನ ನಡುವೆ ಮೀನಿನ ಮರಿ, ಸಿಗಡಿ ಮರಿ ಅಡಗಿ ಬೆಳೆದು ಆಮೇಲೆ ಸಮುದ್ರಕ್ಕೆ ಹೋಗ್ತವೆ. ಒಡ್ಡು ಕಟ್ಟಿದ ಗಜನಿ ಭೂಮಿಯಲ್ಲಿ ಕಗ್ಗ ಅನ್ನೋ ಭತ್ತ ಬೆಳೀತದೆ, ಉಪ್ಪು ನೀರು ನುಗ್ಗಿದರೂ ತಾಳಿಕೊಳ್ಳೋ ತಳಿ. ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ.

ಈಗ ಯೆಹೆಜ್ಕೇಲ 47:10ರಿಂದ 12ನ್ನು ಮತ್ತೆ ಓದಿ ನೋಡ್ರಿ. ಬಲೆ ಹರವಿದ ದಡ, ನಾನಾ ತರದ ಮೀನು, ಉಪ್ಪಿಗಾಗಿ ಬಿಟ್ಟ ಜೌಗು, ದಡದ ಮರ. ಹನ್ನೊಂದನೇ ವಚನದ ಜೌಗನ್ನ ಇಟ್ಟುಕೊಂಡು ನಾವು, "ಬರೀ ತಗೊಂಡು ಹೊರಗೆ ಕೊಡದ ಕ್ರೈಸ್ತ ಜೌಗಿನಂತೆ" ಅಂತ ಬೋಧಿಸ್ತೀವಿ. ಆ ಎಚ್ಚರಿಕೆ ಬೇಕು, ಬೇಡ ಅನ್ನೋದಿಲ್ಲ. ಆದರೆ ವಾಕ್ಯವನ್ನ ಇನ್ನೊಮ್ಮೆ ನಿಧಾನವಾಗಿ ಓದಿದರೆ ಇನ್ನೊಂದು ಮಾತು ಇದೆ. ಉಪ್ಪು ಆ ಜನಕ್ಕೆ ಬೇಕಿತ್ತು. ಊಟಕ್ಕೆ ಬೇಕು, ಮೀನು ಇಡೋಕೆ ಬೇಕು, ಯಜ್ಞಕ್ಕೂ ಬೇಕು. ಸಮುದ್ರ ಪೂರ್ತಿ ಸಿಹಿನೀರಾದ ಮೇಲೆ ಉಪ್ಪು ಎಲ್ಲಿಂದ? ಅದಕ್ಕೆ ದೇವರು ಜೌಗನ್ನ ಜೌಗಾಗಿಯೇ ಬಿಟ್ಟ. ದೇವರ ಸ್ವಸ್ಥತೆ ಎಲ್ಲವನ್ನೂ ಒಂದೇ ತರ ಮಾಡಿಬಿಡೋದಿಲ್ಲ. ಕೆಸರಿಗೂ ಆತನ ಯೋಜನೆಯಲ್ಲಿ ಜಾಗ ಇದೆ.

ಆದರೆ ಮನುಷ್ಯರ ಯೋಜನೆಯಲ್ಲಿ ಜಾಗ ಸಿಗೋದು ಕಷ್ಟ. ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟೋ ಪ್ರಸ್ತಾಪ ಬಂದಿತ್ತು. ಅಲ್ಲಿನ ಜನ ವಿರೋಧಿಸಿದರು, ಅದು ಆಗಲಿಲ್ಲ. ಬಂದರಿನ ಪ್ರಸ್ತಾಪವೂ ಬಂತು. 2024ರ ಜನವರಿ 31ರಂದು ಭಾರತದ ರಾಮ್ಸರ್ ತಾಣಗಳ ಪಟ್ಟಿಗೆ ಐದು ಹೊಸ ಹೆಸರು ಸೇರಿದವು. ಅದರಲ್ಲಿ ಮೂರು ನಮ್ಮ ಕರ್ನಾಟಕದವು: ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ. ರಾಮ್ಸರ್ ಅಂದ್ರೆ ಇರಾನಿನ ಒಂದು ಊರು. 1971ರಲ್ಲಿ ಅಲ್ಲಿ ದೇಶಗಳು ಕೂಡಿ ಜೌಗು ಪ್ರದೇಶಗಳನ್ನ ಕಾಯ್ತೀವಿ ಅಂತ ಒಪ್ಪಂದ ಮಾಡಿಕೊಂಡವು. ಬಹಳ ವರ್ಷ ಬರೀ ಕೆಸರು ಅಂದದ್ದನ್ನ ಈಗ ಲೋಕವೇ ಬೆಲೆಬಾಳೋದು ಅಂತ ಬರೆದುಕೊಂಡಿದೆ. ನಜರೇತಿನಿಂದ ಒಳ್ಳೆಯದು ಬರ್ತದಾ ಅಂತ ನತಾನಯೇಲನೂ ಕೇಳಿದ್ದ, ಅಲ್ಲೇನ್ರಿ?

ಯಾರಿಗೂ ಕಾಣದ ಹುಲ್ಲು

ಇನ್ನೂ ಕೆಳಗೆ ಹೋಗೋಣ, ನೀರಿನೊಳಗೆ. ಸಮುದ್ರ ಹುಲ್ಲು ಅಂತ ಇದೆ. ಅದು ಪಾಚಿ ಅಲ್ಲ. ಬೇರು, ಎಲೆ, ಹೂವು, ಬೀಜ ಎಲ್ಲ ಇರೋ ನಿಜವಾದ ಗಿಡ, ಉಪ್ಪು ನೀರಿನೊಳಗೇ ಹೂ ಬಿಡ್ತದೆ. ನಮ್ಮ ದೇಶದಲ್ಲಿ ಇದರ ದೊಡ್ಡ ಬಯಲುಗಳು ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪದ ಕಡೆ ಇವೆ. ಡುಗಾಂಗ್ ಅನ್ನೋ ಕಡಲ ಹಸು ಈ ಹುಲ್ಲನ್ನೇ ಮೇಯ್ದು ಬದುಕ್ತದೆ, ಮರಿಗೆ ಹಾಲು ಕುಡಿಸ್ತದೆ. ಹುಲ್ಲು ಹೋದರೆ ಅದೂ ಹೋಗ್ತದೆ. ಅದಕ್ಕೆ 2022ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನ ಡುಗಾಂಗ್ ಸಂರಕ್ಷಣಾ ಮೀಸಲು ಅಂತ ಘೋಷಿಸಿತು, ದೇಶದಲ್ಲೇ ಮೊದಲನೆಯದು.

ಈ ಹುಲ್ಲು ಹೇಗೆ ಸಾಯ್ತದೆ ಗೊತ್ತಾ? ಯಾರೂ ಅದನ್ನ ದ್ವೇಷಿಸಿ ಕೀಳೋದಿಲ್ಲ. ಚರಂಡಿ ನೀರು, ಹೊಲದ ಗೊಬ್ಬರ ಹರಿದು ಬರ್ತದೆ. ಪಾಚಿ ಹೆಚ್ತದೆ, ನೀರು ಮಬ್ಬಾಗ್ತದೆ. ಬಿಸಿಲು ಕೆಳಗೆ ಇಳಿಯೋದಿಲ್ಲ. ಹುಲ್ಲು ಕತ್ತಲಲ್ಲಿ ಸಾಯ್ತದೆ. ಇನ್ನು ಕೆಲವು ಕಡೆ ತಳ ಬಾಚೋ ಬಲೆ ಎಳೆದು ಬೇರು ಸಮೇತ ಕೀಳ್ತಾರೆ. ಕೊಲ್ಲಬೇಕು ಅಂತ ಯಾರೂ ಮನಸ್ಸು ಮಾಡಿರೋದಿಲ್ಲ. ಪಾಪ ಅಂದ್ರೆ ಕೆಟ್ಟ ಮನಸ್ಸಿನಿಂದ ಮಾಡಿದ್ದು ಮಾತ್ರ ಅಂತ ನಾವು ತಿಳಿದಿದ್ದೀವಿ. ಆದರೆ ಯಾಜಕಕಾಂಡ 4ನೇ ಅಧ್ಯಾಯದಲ್ಲಿ ತಿಳಿಯದೆ ಮಾಡಿದ ಪಾಪಕ್ಕೂ ಯಜ್ಞ ಇದೆ, ಮತ್ತು ತಿಳಿದು ಬಂದ ಮೇಲೆ ಸುಮ್ಮನೆ ಇರೋ ಹಾಗಿಲ್ಲ ಅಂತಲೂ ಇದೆ.

ಬೆಂಕಿಯ ಪ್ರಶ್ನೆ

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಎಲ್ಲ ಸುಟ್ಟುಹೋಗೋದಾದರೆ ಯಾಕೆ ಕಾಯಬೇಕು?

2 ಪೇತ್ರ 3ನೇ ಅಧ್ಯಾಯ ಪೂರ್ತಿ ಓದ್ರಿ. ಬೆಂಕಿಯ ಮಾತು ಹೇಳೋ ಮುಂಚೆ ಪೇತ್ರ ನೋಹನ ಪ್ರಳಯ ನೆನಪಿಸ್ತಾನೆ. ಆಗಲೂ ಲೋಕ ನಾಶವಾಯಿತು ಅಂತಾನೆ. ಆ ನಾಶ ಬರೋದು ಗೊತ್ತಿದ್ದ ದೇವರು ನೋಹನಿಗೆ ಏನು ಹೇಳಿದ? "ಹೇಗೂ ಮುಳುಗ್ತದೆ, ಪ್ರಾಣಿಗಳ ಗೊಡವೆ ಬೇಡ" ಅಂದನಾ? ಜೋಡಿ ಜೋಡಿಯಾಗಿ ಒಳಗೆ ಕರಕೋ ಅಂದ. ಪ್ರಳಯ ಇಳಿದ ಮೇಲೆ ಆದಿಕಾಂಡ 9ರಲ್ಲಿ ಒಡಂಬಡಿಕೆ ಮಾಡಿದ್ದು ನೋಹನ ಕುಟುಂಬದ ಜೊತೆ ಮಾತ್ರ ಅಲ್ಲ, ಪಕ್ಷಿ, ಪಶು, ಕಾಡುಮೃಗ ಎಲ್ಲದರ ಜೊತೆ. ನ್ಯಾಯತೀರ್ಪು ಹತ್ತಿರ ಇದೆ ಅಂತ ಗೊತ್ತಿದ್ದವನೇ ಎಲ್ಲರಿಗಿಂತ ಹೆಚ್ಚು ಜೀವಗಳನ್ನ ಕಾಪಾಡಿದ.

ಆಮೇಲೆ ಪೇತ್ರನು 11ನೇ ವಚನದಲ್ಲಿ ಕೇಳೋದು ಏನು? ಇವೆಲ್ಲ ಹೀಗೆ ಲಯವಾಗೋದಿದ್ದರೆ ನೀವು ಎಂಥ ಜನರಾಗಿರಬೇಕು ಅಂತ. ಬೆಂಕಿ ಅವನಿಗೆ ಪರಿಶುದ್ಧ ನಡತೆಗೆ ಕಾರಣ. ನಾವು ಅದನ್ನೇ ಅಸಡ್ಡೆಗೆ ಕಾರಣ ಮಾಡಿಕೊಂಡರೆ ವಾಕ್ಯವನ್ನ ತಿರುಚಿದ ಹಾಗೆ. ಲೂಕ 12ರಲ್ಲಿ ಒಬ್ಬ ಮನೆವಾರ್ತೆಯವನು ಯಜಮಾನ ತಡವಾಗಿ ಬರ್ತಾನೆ ಅಂದುಕೊಂಡು ಮನೆ ಹಾಳು ಮಾಡಿದ. ಯಜಮಾನ ಬೇಗ ಬರ್ತಾನೆ ಅಂದುಕೊಂಡು ಮನೆ ಹಾಳು ಬಿಟ್ಟರೂ ಯಜಮಾನನಿಗೆ ಸಿಗೋದು ಅದೇ ಹಾಳು ಮನೆ.

ಬಾಡಿಗೆ ಮನೆಯಲ್ಲಿ ಇರೋರಿಗೆ ಇದು ಬೇಗ ತಿಳೀತದೆ. ಮುಂದಿನ ತಿಂಗಳು ಖಾಲಿ ಮಾಡ್ತೀರಿ. ಹಾಗಂತ ಈ ತಿಂಗಳು ನಲ್ಲಿ ಮುರೀತೀರಾ? ಬಾಗಿಲಿಗೆ ಮೊಳೆ ಹೊಡೀತೀರಾ? ಓನರ್ ಆ ಮನೆ ಕೆಡವಿ ಹೊಸದು ಕಟ್ತಾನೋ, ಇದನ್ನೇ ರಿಪೇರಿ ಮಾಡ್ತಾನೋ, ಅದು ಅವನ ಇಷ್ಟ. ಕೆಡವೋ ಅಧಿಕಾರ ಕಟ್ಟಿದವನದು. ಪ್ರಕಟನೆ 11:18ರಲ್ಲಿ ಭೂಮಿಯನ್ನ ನಾಶಮಾಡೋರಿಗೆ ನಾಶ ಅಂತ ಬರೆದಿದೆ. ಭೂಮಿಗೆ ಹೇಗೂ ನಾಶ ಇದೆ ಅಂತ ವಾದ ಮಾಡೋರು ಆ ವಚನವನ್ನೂ ಓದಬೇಕು.

ಇನ್ನೊಂದು ಪ್ರಶ್ನೆಯೂ ಬರ್ತದೆ: ಇದು ಪ್ರಕೃತಿ ಪೂಜೆ ಆಗೋದಿಲ್ಲವಾ? ಅಘನಾಶಿನಿ ಅನ್ನೋ ಹೆಸರಿನ ಅರ್ಥವೇ ಪಾಪ ಕಳೆಯುವವಳು ಅಂತ. ಪಾಪ ತೊಳೆಯೋದು ಕುರಿಮರಿಯ ರಕ್ತ, ನೀರಲ್ಲ, ಅದು ನಮ್ಮ ನಂಬಿಕೆ. ಆದರೆ ಆರಾಧಿಸದೆ ಇರೋದು ಬೇರೆ, ಅವಮಾನ ಮಾಡೋದು ಬೇರೆ. ಹೆತ್ತ ಅವ್ವನನ್ನ ನಾವು ಆರಾಧಿಸೋದಿಲ್ಲ. ಹಾಗಂತ ಆಕೆಯ ಅಂಗಳದಲ್ಲಿ ಕಸ ಸುರೀತೀವಾ? ನದಿಗೆ ಕೈಮುಗಿಯೋ ನೆರೆಯವನು ನಮ್ಮನ್ನ ನೋಡ್ತಿದ್ದಾನೆ. ಸೃಷ್ಟಿಕರ್ತನನ್ನ ಬಲ್ಲೆವು ಅನ್ನೋ ನಾವು ಆತನ ಕೈಕೆಲಸವನ್ನ ಅವನಿಗಿಂತ ಕಡಿಮೆ ಮರ್ಯಾದೆಯಿಂದ ನಡೆಸಿಕೊಂಡರೆ ನಮ್ಮ ಸಾಕ್ಷಿಗೆ ಏನು ಬೆಲೆ?

ಎರಡು ಕಾರಣ, ಎರಡೂ ಬೇಕು

ಈ ಜೌಗನ್ನ, ಹುಲ್ಲನ್ನ ಕಾಯೋಕೆ ಜನ ಎರಡು ಕಾರಣ ಕೊಡ್ತಾರೆ. ಒಂದು, ಅದರಿಂದ ನಮಗೆ ಉಪಯೋಗ ಇದೆ. ಮೀನು ಸಿಗ್ತದೆ, ದಡ ಕೊಚ್ಚಿಹೋಗೋದು ಕಡಿಮೆಯಾಗ್ತದೆ, ಬಡವರಿಗೆ ಅನ್ನ. ಎರಡು, ಉಪಯೋಗ ಇರಲಿ ಬಿಡಲಿ, ಅದು ದೇವರದು.

ಮೊದಲನೆಯದು ಮಾತ್ರ ಹಿಡಿದರೆ ಅಪಾಯ ಇದೆ. ಯಾವಾಗಲೋ ಒಬ್ಬ ಬಂದು ಕ್ಯಾಲ್ಕುಲೇಟರ್ ಒತ್ತಿ, "ಬಳಚಿಗಿಂತ ಬಂದರಿನಲ್ಲಿ ಹೆಚ್ಚು ದುಡ್ಡು" ಅಂತ ತೋರಿಸಿದರೆ ನಮ್ಮ ವಾದ ಮುಗೀತು. ಯೋಬ 38:26 ನೋಡ್ರಿ. ಮನುಷ್ಯರೇ ಇಲ್ಲದ ಅಡವಿಯ ಮೇಲೆ ದೇವರು ಮಳೆ ಸುರಿಸ್ತಾನೆ. ಯಾರ ಬೆಳೆಗಾಗಿ? ಯಾರದಕ್ಕೂ ಅಲ್ಲ. ಅಲ್ಲಿನ ಹುಲ್ಲು ಚಿಗುರಲಿ ಅಂತ. ಮನುಷ್ಯನ ಲೆಕ್ಕದ ಪುಸ್ತಕದಲ್ಲಿ ಇಲ್ಲದ ಹುಲ್ಲು ದೇವರ ಲೆಕ್ಕದಲ್ಲಿ ಇದೆ.

ಎರಡನೆಯದು ಮಾತ್ರ ಹಿಡಿದರೂ ಅಪಾಯ ಇದೆ. ಎಲ್ಲ ದೇವರದು, ಯಾರೂ ಮುಟ್ಟಬೇಡಿ ಅಂತ ಬೇಲಿ ಹಾಕಿ, ತಲೆತಲಾಂತರದಿಂದ ಬಳಚು ಆರಿಸುವ ಹೆಂಗಸನ್ನೇ ಹೊರಗೆ ಹಾಕೋದು. ಊರಿನವರು ಹಸಿದರೆ ಪಟ್ಟಣದವರಿಗೆ ಫೋಟೋ ತೆಗೆಯೋಕೆ ಚೆಂದದ ಜಾಗ ಸಿಗ್ತದೆ, ಅಷ್ಟೇ. ಯೆಹೆಜ್ಕೇಲನ ದರ್ಶನದಲ್ಲಿ ವಾಸಿಯಾದ ಸಮುದ್ರದ ದಡದಲ್ಲಿ ದೇವರು ಮೀನುಗಾರರನ್ನ ನಿಲ್ಲಿಸಿದ. ಆದಿಕಾಂಡ 2:15ರಲ್ಲಿ ತೋಟವನ್ನ ವ್ಯವಸಾಯ ಮಾಡೋದೂ ಕಾಯೋದೂ ಒಂದೇ ಮನುಷ್ಯನ ಕೈಗೆ ಕೊಟ್ಟ. ದುಡಿಯೋದು, ಕಾಯೋದು, ಎರಡನ್ನ ಬೇರೆ ಮಾಡಿದರೆ ಎರಡೂ ಕೆಡ್ತವೆ.

ನಮ್ಮ ಧೂಪದಾಳ ನೋಡ್ರಿ. ಘಟಪ್ರಭೆಗೆ ಅಡ್ಡ ಒಡ್ಡು ಕಟ್ಟಿದ್ದು ಮನುಷ್ಯರೇ, ನೀರಾವರಿಗೆ. ಆ ಹಿನ್ನೀರಿಗೆ ಚಳಿಗಾಲದಲ್ಲಿ ದೂರದ ದೇಶಗಳಿಂದ ಕೊಕ್ಕರೆಗಳು ಬರ್ತವೆ. 1974ರಿಂದ ಅದು ಘಟಪ್ರಭಾ ಪಕ್ಷಿಧಾಮ. ರೈತರಿಗೆ ನೀರೂ ಉಂಟು, ಹಕ್ಕಿಗೆ ಜಾಗವೂ ಉಂಟು. ಆಕಾಶದ ಬಕಪಕ್ಷಿಗೂ ತನ್ನ ಕಾಲ ಗೊತ್ತು, ನನ್ನ ಜನಕ್ಕೆ ಗೊತ್ತಿಲ್ಲ ಅಂತ ಯೆರೆಮೀಯ 8:7ರಲ್ಲಿ ದೇವರು ನೊಂದುಕೊಳ್ತಾನೆ. ಆ ಹಕ್ಕಿ ಅಷ್ಟು ದೂರ ಹಾರಿ ಬಂದಾಗ ನೀರಿನ ಬದಲು ಪ್ಲಾಸ್ಟಿಕ್ ಸಿಗಬಾರದು.

ಬಿತ್ತೋದಕ್ಕೆ ಮೊದಲು

ಕೆಟ್ಟದ್ದನ್ನ ಮತ್ತೆ ಕಟ್ಟಬಹುದಾ? ಆಗ್ತದೆ, ಆದರೆ ನಾವು ಅಂದುಕೊಂಡ ಹಾಗೆ ಅಲ್ಲ.

ಅಮೆರಿಕದ ವರ್ಜೀನಿಯಾ ತೀರದಲ್ಲಿ 1930ರ ದಶಕದಲ್ಲಿ ಒಂದು ರೋಗ, ಜೊತೆಗೆ 1933ರ ಚಂಡಮಾರುತ, ಎರಡೂ ಸೇರಿ ಸಮುದ್ರ ಹುಲ್ಲನ್ನ ಅಳಿಸಿದವು. ಹುಲ್ಲಿನ ಜೊತೆ ಅಲ್ಲಿನ ಸ್ಕ್ಯಾಲಪ್ ಅನ್ನೋ ಚಿಪ್ಪುಜೀವಿಯೂ ಹೋಯಿತು, ಅದನ್ನ ನಂಬಿದವರ ಕಸುಬೂ ಹೋಯಿತು. ಹತ್ತಿರ ಹತ್ತಿರ ಎಪ್ಪತ್ತು ವರ್ಷ ಆ ತಳ ಬರಿದಾಗಿತ್ತು. ಆಮೇಲೆ ವಿಜ್ಞಾನಿಗಳು, ಸ್ವಯಂಸೇವಕರು ಬೇರೆ ಕಡೆಯ ಹುಲ್ಲಿನ ಬೀಜ ಕೂಡಿಸಿ ತಂದು ಬಿತ್ತಿದರು. ಸುಮಾರು ಇಪ್ಪತ್ತು ವರ್ಷದಲ್ಲಿ 7 ಕೋಟಿಗೂ ಹೆಚ್ಚು ಬೀಜ. ಅವರು ಬಿತ್ತಿದ್ದು ಸುಮಾರು 200 ಹೆಕ್ಟೇರ್. ಹುಲ್ಲು ತಾನೇ ಹಬ್ಬಿ 3600 ಹೆಕ್ಟೇರ್ ಆಯಿತು. ಪೌಲನು ನೆಟ್ಟದ್ದು, ಅಪೊಲ್ಲೋಸನು ನೀರು ಹೊಯ್ದದ್ದು, ದೇವರು ಬೆಳೆಸಿದ್ದು, ಹಲ್ಲೆಲೂಯಾ!

ಆದರೆ ಒಂದು ವಿಷಯ ಗಮನಿಸಿ. ಅಲ್ಲಿ ಬೀಜ ಬೆಳೆದದ್ದು ನೀರು ಇನ್ನೂ ತಿಳಿಯಾಗಿ ಇದ್ದದ್ದಕ್ಕೆ. ಅದೇ ದೇಶದ ಫ್ಲಾರಿಡಾದಲ್ಲಿ ಟ್ಯಾಂಪಾ ಕೊಲ್ಲಿ ಅಂತ ಇದೆ. ಅಲ್ಲಿ ಹುಲ್ಲು ಸತ್ತದ್ದು ಕೊಳಚೆ ನೀರಿನಿಂದ. ಕೊಳಚೆ ಶುದ್ಧ ಮಾಡಿ ಬಿಟ್ಟ ಮೇಲೆ ಹುಲ್ಲು ನಿಧಾನವಾಗಿ ವಾಪಸ್ ಬಂತು. 2016ರ ನಂತರ ಮತ್ತೆ ಕುಗ್ಗಿತು. ಅಂದ್ರೆ ಒಮ್ಮೆ ಸರಿ ಮಾಡಿ ಕೈತೊಳೆದುಕೊಳ್ಳೋ ಹಾಗಿಲ್ಲ. ಇನ್ನು ಹಲವು ದೇಶಗಳಲ್ಲಿ ಯಾವ ಗಿಡ ಎಲ್ಲಿ ಬರ್ತದೆ ಅಂತ ನೋಡದೆ ಖಾಲಿ ಕೆಸರಿನ ಬಯಲಿನಲ್ಲಿ ಸಾಲುಸಾಲು ಕಾಂಡ್ಲಾ ಸಸಿ ನೆಟ್ಟರು, ಫೋಟೋ ತೆಗೆದರು. ಸಸಿ ಸತ್ತವು. ಆ ಕೆಸರೇ ಹಕ್ಕಿಗೆ, ಚಿಪ್ಪಿಗೆ ಮನೆಯಾಗಿತ್ತು ಅಂತ ಯಾರೂ ಕೇಳಲಿಲ್ಲ.

ನಮ್ಮ ಆತ್ಮಿಕ ಜೀವಿತದಲ್ಲೂ ಇದೇ ಅಲ್ವಾ? ಮೊದಲು ಪಶ್ಚಾತ್ತಾಪ, ಆಮೇಲೆ ಉಜ್ಜೀವನ. ಕೊಳಚೆ ಹರೀತಾ ಇರೋವಾಗ ಮೇಲಿಂದ ಬೀಜ ಚೆಲ್ಲಿದರೆ ಏನೂ ಬರೋದಿಲ್ಲ. ಮೊದಲು ಮೇಲಿನ ಊರಿನವರು ಬದಲಾಗಬೇಕು. ಮೇಲಿನ ಊರಿನವರು ಯಾರು? ನಾವೇ.

ಬೆಲೆ ಕೊಡಬೇಕಾದ ಜಾಗ

ಒಬ್ಬ ತಮ್ಮ ನನ್ನ ಹತ್ತಿರ ಬಂದಿದ್ದ. ಊರು ಬೇಡ, ಕಂಪನಿ ಬೇಡ. ಕೆಲಸದ ಜಾಗದಲ್ಲಿ ಕೊಳಕು ನೀರನ್ನ ರಾತ್ರಿ ಹೊತ್ತು ಹಳ್ಳಕ್ಕೆ ಬಿಡ್ತಾರೆ, ಬೆಳಿಗ್ಗೆ ರಿಜಿಸ್ಟರಿನಲ್ಲಿ ಎಲ್ಲ ಸರಿ ಇದೆ ಅಂತ ಇವನು ಸಹಿ ಮಾಡಬೇಕು. "ಪಾಸ್ಟರ್, ಮನೆ ಲೋನ್ ಇದೆ, ತಂಗಿ ಮದುವೆ ಇದೆ. ನಾನು ಸಹಿ ಮಾಡದಿದ್ದರೆ ಇನ್ನೊಬ್ಬ ಮಾಡ್ತಾನೆ. ನೀರು ಹೇಗೂ ಹೋಗ್ತದೆ. ನನ್ನ ಕೆಲಸ ಹೋದರೆ ಯಾರಿಗೆ ಲಾಭ?"

ಇದಕ್ಕೆ ಕುರ್ಚಿಯಲ್ಲಿ ಕೂತು ಸುಲಭವಾಗಿ ಉತ್ತರ ಹೇಳೋ ಹಾಗಿಲ್ಲ. ನಾನು ಅವನಿಗೆ 1 ಅರಸು 18ರ ಓಬದ್ಯನನ್ನ ತೋರಿಸಿದೆ. ಅಹಾಬನ ಅರಮನೆಯಲ್ಲೇ ಕೆಲಸ, ಕೆಲಸ ಬಿಡಲಿಲ್ಲ. ಆದರೆ ನೂರು ಪ್ರವಾದಿಗಳನ್ನ ಗವಿಯಲ್ಲಿ ಅಡಗಿಸಿ ಸಾಕಿದ. ಅರಮನೆಯಲ್ಲಿ ಇರಬಹುದು, ಅರಮನೆಯ ಸುಳ್ಳಿಗೆ ಕೈ ಕೊಡೋ ಹಾಗಿಲ್ಲ. ಇನ್ನೊಬ್ಬ ಮಾಡ್ತಾನೆ ಅನ್ನೋದು ನಿಜ ಇರಬಹುದು. ಆದರೆ ದೇವರು ಇನ್ನೊಬ್ಬನ ಸಹಿಗೆ ನಿನ್ನನ್ನ ಕೇಳೋದಿಲ್ಲ, ನಿನ್ನ ಸಹಿಗೆ ಕೇಳ್ತಾನೆ. ಮೊದಲು ಮೇಲಿನವರ ಹತ್ತಿರ ಮರ್ಯಾದೆಯಿಂದ ಮಾತಾಡು, ಬರೆದು ಕೊಡು. ಸುಳ್ಳು ಅಂಕಿಯ ಕೆಳಗೆ ಮಾತ್ರ ಹೆಸರು ಹಾಕಬೇಡ ಅಂದೆ.

ಅವನಿಗೆ ಹೇಳಿದ್ದರ ಅರ್ಧ ಮಾತು ಸಭೆಗೆ ಸೇರಿದ್ದು. ಒಬ್ಬ ತಮ್ಮ ಸತ್ಯಕ್ಕಾಗಿ ಕೆಲಸ ಕಳಕೊಂಡರೆ ಆ ತಿಂಗಳ ಕಂತು ಯಾರು ಕಟ್ಟಬೇಕು? ಬರೀ "ಪ್ರಾರ್ಥನೆ ಮಾಡ್ತೀವಿ ಬ್ರದರ್" ಅಂದರೆ ಸಾಕಾ? ಒಂದು ಅಂಗ ನೋಯುವಾಗ ಎಲ್ಲ ಅಂಗಗಳೂ ನೋಯ್ತವೆ ಅಂತ ನಂಬೋರು ನಾವು. ಬೆನ್ನಿಗೆ ನಿಲ್ಲದ ಸಭೆಗೆ ಧೈರ್ಯದ ಸಂದೇಶ ಕೊಡೋ ಹಕ್ಕು ಇಲ್ಲ.

ಈಗ ಉಳಿದವರಿಗೆ. ಅಪಾರ್ಟ್‌ಮೆಂಟಿನಲ್ಲಿ ಇರೋರು ಅಸೋಸಿಯೇಷನ್ ಮೀಟಿಂಗಿಗೆ ಹೋಗ್ರಿ, ಕೊಳಚೆ ಶುದ್ಧ ಮಾಡೋ ಎಸ್‌ಟಿಪಿ ನಿಜವಾಗಿ ಓಡ್ತಾ ಇದೆಯಾ ಅಂತ ಕೇಳ್ರಿ. ಕರೆಂಟ್ ಬಿಲ್ ಉಳಿಸೋಕೆ ಅದನ್ನ ಬಂದ್ ಇಡೋಣ ಅಂದರೆ, ಮೇಂಟೆನೆನ್ಸ್ ನೂರು ರೂಪಾಯಿ ಹೆಚ್ಚಾದರೂ ಓಡಲಿ ಅಂತ ಕೈ ಎತ್ತೋ ಮೊದಲನೆಯವರು ನೀವಾಗಿರ್ರಿ. ಕೆಎಎಸ್, ಪಿಡಿಒ ಪರೀಕ್ಷೆಗೆ ಓದ್ತಾ ಇರೋರೇ, ಮುಂದೆ ನಿಮ್ಮ ಟೇಬಲ್ಲಿಗೆ ಒಂದು ಕೆರೆಯಂಗಳವೋ ಜೌಗೋ ಪಾಳು ಜಮೀನು ಅಂತ ಬರೆದ ಫೈಲ್ ಬರ್ತದೆ. ಸಹಿ ಹಾಕೋ ಮುಂಚೆ ಒಮ್ಮೆ ಹೋಗಿ ಆ ಜಾಗ ನೋಡ್ರಿ, ಅಲ್ಲಿ ಯಾರು ಬದುಕ್ತಾರೆ ಅಂತ ಕೇಳ್ರಿ. ಗೋಕರ್ಣಕ್ಕೆ ಹೋಗೋರು ಒಂದು ಸಲ ಅಳಿವೆಯ ಕಡೆಗೂ ಹೋಗ್ರಿ, ಇಳಿತದ ಹೊತ್ತಿಗೆ. ಕೆಸರಲ್ಲಿ ಬಗ್ಗಿ ದುಡಿಯೋ ಅಕ್ಕಂದಿರ ಜೊತೆ ಮಾತಾಡ್ರಿ.

ದೀಕ್ಷಾಸ್ನಾನದ ವಿಷಯ ಒಂದು ಹೇಳಿ ಮುಗಿಸ್ತೀನಿ. ನಮ್ಮ ಸಭೆಗಳಿಗೆ ನದಿ ಬೇಕು. ಹಳೇ ಮನುಷ್ಯನನ್ನ ಹೂಣಿಟ್ಟು ಹೊಸ ಮನುಷ್ಯನಾಗಿ ಎದ್ದು ಬರೋದು ಅದೇ ನೀರಿನಿಂದ. ಯಾವ ಸಭೆಯೇ ಆಗಲಿ, ಊಟದ ತಟ್ಟೆ, ನೀರಿನ ಬಾಟಲಿ ಎಲ್ಲ ಚೀಲದಲ್ಲಿ ತುಂಬಿ ವಾಪಸ್ ತರಲಿ. ಹೊಸದಾಗಿ ಎದ್ದ ವಿಶ್ವಾಸಿ ಮಾಡೋ ಮೊದಲ ಕೆಲಸ ಅದೇ ಆದರೂ ತಪ್ಪಿಲ್ಲ.

ರೋಮಾಪುರದವರಿಗೆ 8ರಲ್ಲಿ ಸೃಷ್ಟಿಯು ನರಳ್ತಾ ಕಾಯ್ತಿದೆ ಅಂತ ಪೌಲ ಬರೀತಾನೆ. ಯಾರಿಗಾಗಿ? ದೇವರ ಮಕ್ಕಳು ಪ್ರತ್ಯಕ್ಷರಾಗೋದಕ್ಕಾಗಿ. ಆತ್ಮನ ನದಿಯಲ್ಲಿ ಆಳಕ್ಕೆ ಇಳೀರಿ, ನಾನೂ ಬೇಡ್ಕೊಳ್ತೀನಿ. ಆದರೆ ಇಳಿದವರು ಕೆಳಗಿನ ಊರನ್ನ ಮರೀಬೇಡಿ. ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ.

ಪರಲೋಕದ ತಂದೆಯೇ, ಮನುಷ್ಯರು ಪಾಳು ಅಂದ ನೆಲದ ಮೇಲೂ ನೀನು ಮಳೆ ಸುರಿಸುತ್ತೀ, ನಿನಗೆ ಸ್ತೋತ್ರ. ನಮ್ಮ ಕಾಲು ಕಲಕಿದ ನೀರನ್ನ ಕುಡಿಯುವವರನ್ನ ನಮ್ಮ ಕಣ್ಣಿಗೆ ತೋರಿಸು. ಸಹಿ ಹಾಕುವ ಕೈಗೆ ಧೈರ್ಯ ಕೊಡು, ಆ ಕೈಯನ್ನ ಹಿಡಿದು ನಿಲ್ಲುವ ಸಭೆಯನ್ನಾಗಿ ನಮ್ಮನ್ನ ಮಾಡು. ನೀನು ಬರುವಾಗ ನಿನ್ನ ಮನೆಯನ್ನ ಕಾಯುತ್ತಿರುವವರಾಗಿ ನಾವು ನಿನಗೆ ಸಿಗುವಂತೆ ಕೃಪೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.